‘ಉದಯವಾಗಲಿ’ ಹಾಡಿನ ಮಿತಾಕ್ಷರರು ಯಾರು? ಗೋದಾವರಿ ಯಾಕೆ ಬಂತು?

ತುಮಕೂರಿನ ಅಮ್ಮ:
ರಾಜ್ಯೋತ್ಸವಕ್ಕೆ ಮಗಳ ಶಾಲೆಯಲ್ಲಿ ‘ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು’ ಹಾಡಿಸುತ್ತಿದ್ದಾರೆ. ಮನೆಯಲ್ಲಿ ಹೇಳಿಕೊಡುವಾಗ ಎರಡು ಕಡೆ ತಡವರಿಸಿದೆವು. ‘ಲೆಕ್ಕಿಗ ಮಿತಾಕ್ಷರರು’ ಅಂದರೆ ಯಾರು? ಗೋದಾವರಿ ನಮ್ಮ ರಾಜ್ಯದಲ್ಲಿ ಹರಿಯುವುದೇ ಇಲ್ಲ, ಅಲ್ವಾ? ಮತ್ತೆ ಹಾಡಿನಲ್ಲಿ ಯಾಕಿದೆ?

ಬೀದರಿನವ:
ಹರಿಯಲ್ಲ ಅಕ್ಕಾ. ಆದರೆ ನಮ್ಮ ಮಾಂಜ್ರಾ ನದಿ ಹೋಗಿ ಸೇರುವುದು ಗೋದಾವರಿಯನ್ನೇ. ಕಾವೇರಿಯಿಂದ ಗೋದಾವರಿವರೆಗೆ ಕನ್ನಡ ನಾಡು ಅಂತ 9ನೇ ಶತಮಾನದ ‘ಕವಿರಾಜಮಾರ್ಗ’ದಲ್ಲೇ ಇದೆ. ಲೆಕ್ಕಿಗ ಅಂದ ಕೂಡಲೇ ನನಗೆ ನೆನಪಾಗುವುದು ‘ಗಣಿತಸಾರಸಂಗ್ರಹ’ ಬರೆದ ಮಹಾವೀರಾಚಾರ್ಯ. ಅವನೂ ನೃಪತುಂಗನ ಕಾಲದವನೇ.

ಗದಗಿನ ವಕೀಲ:
ಮಿತಾಕ್ಷರದ ಜೊತೆ ನನಗೆ ದಿನಾ ಕೆಲಸ, ಅದಕ್ಕೇ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಅದು ಯಾಜ್ಞವಲ್ಕ್ಯ ಸ್ಮೃತಿ ಅನ್ನುವ ಹಳೆಯ ಧರ್ಮಶಾಸ್ತ್ರಕ್ಕೆ ವಿಜ್ಞಾನೇಶ್ವರ ಬರೆದ ವ್ಯಾಖ್ಯಾನ. ಅವನಿದ್ದದ್ದು ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಕಲ್ಯಾಣದಲ್ಲಿ, ಅಂದರೆ ಈಗಿನ ಬಸವಕಲ್ಯಾಣ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಪಾಲು ಅನ್ನುವುದು ಅಲ್ಲಿನ ಮಾತು. ಬ್ರಿಟಿಷರ ಕೋರ್ಟುಗಳೂ, ಬಂಗಾಳದ ಕಡೆ ಬಿಟ್ಟರೆ, ಹೆಚ್ಚಾಗಿ ಅದನ್ನೇ ಹಿಡಿದವು. ಇವತ್ತಿಗೂ ವಾಟ್ನಿ (ಆಸ್ತಿ ಪಾಲು) ಕೇಸುಗಳಲ್ಲಿ ಆ ಹೆಸರು ಬರುತ್ತದೆ. ಹಾಡು ಬರೆದ ಹುಯಿಲಗೋಳ ನಾರಾಯಣರಾಯರು ನಮ್ಮ ಗದಗಿನಲ್ಲಿ ವಕೀಲರಾಗಿದ್ದರು! ಅರಸರು, ವೀರರ ಜೊತೆ ಒಂದು ಕಾನೂನು ಗ್ರಂಥವನ್ನೂ ಹಾಡಿಗೆ ತಂದವರು ಅವರು. ನನಗೆ ಆ ಸಾಲು ಅಂದರೆ ಬಹಳ ಪ್ರೀತಿ.

ಇನ್ನೊಂದು ಮಾತು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಇದನ್ನು ಹಾಡಿದಾಗ ಕನ್ನಡ ನಾಡು ಹರಿದು ಹಂಚಿಹೋಗಿತ್ತು. ಹಾಡಿನ ಹೆಸರುಗಳನ್ನು ಆಗಿನ ನಕಾಶೆಯ ಮೇಲೆ ಇಟ್ಟು ನೋಡಿ. ವೀರನಾರಾಯಣನ ಗದಗು ಮುಂಬಯಿ ಪ್ರಾಂತ್ಯದಲ್ಲಿ. ಮಿತಾಕ್ಷರದ ಕಲ್ಯಾಣವೂ, ಹನುಮ ಹುಟ್ಟಿದ ಜಾಗ ಅಂತ ಜನ ನಂಬುವ ಆನೆಗೊಂದಿಯೂ ಹೈದರಾಬಾದ್ ನಿಜಾಮನ ಕೈಯಲ್ಲಿ. ಜಕ್ಕಣನ ಊರು ಅನ್ನುವ ಕೈದಾಳ ಮೈಸೂರಲ್ಲಿ. ಕಾವೇರಿ ಹುಟ್ಟುವ ಕೊಡಗು ಇನ್ನೊಂದು ಪ್ರಾಂತ್ಯ. ಇವೆಲ್ಲ ನಮ್ಮದೇ ಅಂತ ಸಭೆಯ ಮುಂದೆ ಹಾಡುವುದು ಸಣ್ಣ ವಿಷಯವಲ್ಲ. ಸುಮ್ನೆ ಊರು-ಹೊಳೆ ಹೊಗಳಿದ ಹಾಡು ಅಂತ ಮಕ್ಕಳಿಗೆ ಅನ್ನಿಸಬಾರದು. ಈ ಊರುಗಳೆಲ್ಲ ಒಂದೇ ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ.

ತುಮಕೂರಿನ ಅಮ್ಮ:
ತುಂಬಾ ಥ್ಯಾಂಕ್ಸ್ ಸರ್. ಕೈದಾಳ ನಮಗೆ ಪಕ್ಕದಲ್ಲೇ. ಭಾನುವಾರ ಮಗಳನ್ನು ಚೆನ್ನಿಗರಾಯನ ಗುಡಿಗೆ ಕರೆದುಕೊಂಡು ಹೋಗುತ್ತೇನೆ. ‘ಪರಶುರಾಮನಮ್ಮನ ನಾಡು’ ಅಂದರೆ ಸವದತ್ತಿ ಎಲ್ಲಮ್ಮನೇ ತಾನೇ?

ಗದಗಿನ ವಕೀಲ:
ಹೌದಕ್ಕಾ, ರೇಣುಕೆ. ಸವದತ್ತಿಯೂ ಆಗ ಮುಂಬಯಿ ಪ್ರಾಂತ್ಯ. ನಕಾಶೆಯಲ್ಲಿ ಅದನ್ನೂ ಗುರುತು ಮಾಡಿಸಿ.