ಶೆಲ್ಟರ್‌ನಿಂದ ತಂದ ಎರಡು ಬೆಕ್ಕು: ಜಗಳ ಇಲ್ಲ, ಆದ್ರೆ ಒಂದು ಹಾಸಿಗೆ ಮೇಲೆ ಉಚ್ಚೆ ಹೊಯ್ತಿದೆ, ಏನ್ ಮಾಡ್ಲಿ?

ಪುಟ್ಟಿಕರಿಯ:
ನಮಸ್ಕಾರ. ಎರಡು ರೆಸ್ಕ್ಯೂ ಬೆಕ್ಕು ತಂದಿದೀವಿ, ಗಂಡು ಕರಿಯ ಮೂರು ವರ್ಷದವನು, ಹೆಣ್ಣು ಪುಟ್ಟಿಗೆ ಒಂದು ವರ್ಷದ ಆಸುಪಾಸು, ಇಬ್ರಿಗೂ ಆಪರೇಷನ್ ಆಗಿದೆ, ವ್ಯಾಕ್ಸಿನ್ ಆಗಿದೆ, ಎಫ್‌ಐವಿ ಎಫ್‌ಇಎಲ್‌ವಿ (ಬೆಕ್ಕಿಗೆ ಬರೋ ಎರಡು ವೈರಸ್ ಕಾಯಿಲೆ) ಟೆಸ್ಟ್ ಎರಡೂ ನೆಗೆಟಿವ್. ಶೆಲ್ಟರ್‌ನಲ್ಲಿ ಇಬ್ರೂ ಒಂದೇ ಹಾಲ್‌ನಲ್ಲಿ ಇದ್ರು, ಹೊಂದ್ಕೊಂಡಿದಾರೆ ಅಂದಿದ್ರಿಂದ ಮನೇಲೂ ಒಟ್ಟಿಗೇ ಬಿಟ್ವಿ. ಮೊದಮೊದಲು ಇಬ್ರೂ ಮಂಚದ ಕೆಳಗೆ, ಆಮೇಲೆ ಕರಿಯ ಹೊರಗೆ ಬಂದು ಇಡೀ ಮನೆ ತಂದೇ ಅನ್ನೋ ಹಾಗೆ ಓಡಾಡ್ತಾನೆ, ಪುಟ್ಟಿ ಮಾತ್ರ ಬೀರು ಮೇಲಿಂದ ಇಳಿಯೋದೇ ಅಪರೂಪ. ವಿಚಿತ್ರ ಏನಂದ್ರೆ ಜಗಳ ಅಂತ ಇಲ್ವೇ ಇಲ್ಲ, ಯಾವಾಗಾದ್ರೂ ಒಂದ್ಸಲ ಉಸ್ ಅಂದ್ರೆ ಹೆಚ್ಚು. ಆದ್ರೆ ಪುಟ್ಟಿ ಈಗ ನಮ್ಮ ಹಾಸಿಗೆ ಮೇಲೆ ಉಚ್ಚೆ ಹೊಯ್ಯೋಕೆ ಶುರು ಮಾಡಿದಾಳೆ. ಲಿಟರ್ ಬಾಕ್ಸ್ ಎರಡಿದೆ, ದಿನಾ ಕ್ಲೀನ್ ಮಾಡ್ತೀವಿ. ಹಠಕ್ಕೆ ಮಾಡ್ತಿದಾಳೆ ಅಂತಾರೆ ಮನೇಲಿ. ಒಂದನ್ನ ವಾಪಸ್ ಕೊಡ್ಬೇಕಾಗುತ್ತಾ?

ಮೀಸೆಮಾವ:
ಏನೂ ಆಗಲ್ಲ ಬಿಟ್ಬಿಡಿ, ಒಂದೆರಡು ಸಲ ಸರಿಯಾಗಿ ಕಿತ್ತಾಡಿದ್ರೆ ಯಾರು ದೊಡ್ಡೋರು ಅಂತ ಅವ್ರೇ ತೀರ್ಮಾನ ಮಾಡ್ಕೋತಾರೆ.

ಅಟ್ಟದಬೆಕ್ಕು:
ಮೀಸೆಮಾವ ಅವರೇ, ಬೆಕ್ಕಿಗೆ ಆ ಲೆಕ್ಕ ನಡೆಯಲ್ಲ. ಕಿತ್ತಾಡಿದ ಬೆಕ್ಕು ತೀರ್ಮಾನ ಮಾಡ್ಕೊಳ್ಳೋದು ಒಂದೇ, ಆ ಇನ್ನೊಂದು ಅಪಾಯ ಅಂತ, ಅದನ್ನ ತಲೆಯಿಂದ ತೆಗೆಯೋಕೆ ತಿಂಗಳುಗಟ್ಟಲೆ ಬೇಕು.

ಪುಟ್ಟಿಕರಿಯ, ಮೊದ್ಲು ಪುಟ್ಟಿನ ವೆಟ್ ಹತ್ರ ಕರ್ಕೊಂಡೋಗಿ ಯೂರಿನ್ ಟೆಸ್ಟ್ ಮಾಡ್ಸಿ. ಟೆನ್ಷನ್‌ಗೇ ಬೆಕ್ಕಿನ ಮೂತ್ರಕೋಶ ಊದ್ಕೊಳ್ಳುತ್ತೆ, ಆಗ ಬಾಕ್ಸ್‌ನಲ್ಲಿ ಹೊಯ್ದಾಗ ನೋವಾಗಿ, ಬಾಕ್ಸ್ ಅಂದ್ರೇನೇ ನೋವು ಅಂತ ಅಂದ್ಕೊಂಡು ಮೆತ್ತಗಿರೋ ಜಾಗ ಹುಡುಕ್ತವೆ. ಹಠ ಗಿಠ ಏನಿಲ್ಲ. ಕರಿಯನ ಮೇಲೂ ಒಂದ್ ಕಣ್ಣಿರ್ಲಿ, ಗಂಡು ಬೆಕ್ಕು ಬಾಕ್ಸ್‌ಗೆ ಮತ್ತೆ ಮತ್ತೆ ಹೋಗಿ ಮುಕ್ಕರಿದ್ರೂ ಉಚ್ಚೆ ಬರ್ತಿಲ್ಲ ಅಂದ್ರೆ ನಾಳೆ ನೋಡೋಣ ಅನ್ಬೇಡಿ, ಅವುಕ್ಕೆ ಮೂತ್ರನಾಳ ಸಣ್ಣ, ಕಟ್ಕೊಂಡ್ರೆ ಒಂದೆರಡು ದಿನದಲ್ಲೇ ಜೀವಕ್ಕೆ ಬರುತ್ತೆ.

ಆಮೇಲೆ ಇಷ್ಟು ಹೇಳಿ: ಬಾಕ್ಸ್ ಎಲ್ಲಿಟ್ಟಿದೀರಿ? ಅಲ್ಲಿಗೆ ಎಷ್ಟು ದಾರಿ ಇದೆ? ಕರಿಯ ಹಗಲು ಎಲ್ಲಿ ಬಿದ್ಕೊಂಡಿರ್ತಾನೆ? ಉಚ್ಚೆ ಹೊಯ್ದಿದ್ದನ್ನ ಯಾವುದ್ರಲ್ಲಿ ಒರೆಸ್ತೀರಿ?

ಪುಟ್ಟಿಕರಿಯ:
ಟೆಸ್ಟ್ ಆಯ್ತು, ಇನ್ಫೆಕ್ಷನ್ ಇಲ್ಲ, ಕಲ್ಲೂ ಇಲ್ಲ ಅಂದ್ರು. ಬಾಕ್ಸ್ ಎರಡೂ ಬಾತ್‌ರೂಮ್ ಪಕ್ಕದ ಮೂಲೇಲಿ ಅಕ್ಕಪಕ್ಕ ಇವೆ, ಹೋಗೋಕೆ ಇರೋದು ಒಂದೇ ಪ್ಯಾಸೇಜ್. ಕರಿಯ ಅದ್ರ ಬಾಯಲ್ಲೇ ಡೋರ್‌ಮ್ಯಾಟ್ ಮೇಲೆ ಉದ್ದಕ್ಕೆ ಮೈ ಚಾಚಿ ಮಲಗ್ತಾನೆ, ತಂಪಿರುತ್ತೆ ಅಂತ ಅಂದ್ಕೊಂಡಿದ್ದೆ. ನೀವು ಕೇಳಿದ್ಮೇಲೆ ಕೂತು ನೋಡ್ದೆ, ಪುಟ್ಟಿ ಬೀರು ಇಳಿದು ಬಾಗಿಲ ತನಕ ಬರ್ತಾಳೆ, ಕರಿಯ ಎದ್ದೇಳೋದೂ ಇಲ್ಲ, ತಲೆ ಎತ್ತಿ ಅವಳನ್ನೇ ನೋಡ್ತಾನೆ, ರೆಪ್ಪೆ ಹೊಡಿಯಲ್ಲ, ಬಾಲದ ತುದಿ ಮಾತ್ರ ಆಡ್ತಿರುತ್ತೆ, ಅವಳು ಹಂಗೇ ಹಿಂದಕ್ಕೆ ಹೋಗಿ ಹಾಸಿಗೆ ಹತ್ತಿದ್ಲು. ನೆಲಕ್ಕೆ ಹಾಕೋದು ಫಿನಾಯಿಲ್.

ಅಟ್ಟದಬೆಕ್ಕು:
ಅಷ್ಟೇ ನೋಡಿ, ಸಿಕ್ತು. ಅದು ಮಲಗಿರೋದಲ್ಲ, ಕಾವಲು. ಬೆಕ್ಕುಗಳ ಎಷ್ಟೋ ಜಗಳಕ್ಕೆ ಸದ್ದೇ ಇರಲ್ಲ, ದಾರಿಗೆ ಅಡ್ಡ ಕೂರೋದು, ದಿಟ್ಟಿಸೋದು, ಇನ್ನೊಂದು ತಿನ್ನೋ ಹೊತ್ತಿಗೆ ಹತ್ರ ಬಂದು ಸುಮ್ನೆ ನಿಲ್ಲೋದು, ನಮ್ಗೆ ನೋಡಿದ್ರೆ ಶಾಂತಿ ಅನ್ಸುತ್ತೆ. ಪುಟ್ಟಿ ಲೆಕ್ಕದಲ್ಲಿ ನಿಮ್ಮನೇಲಿ ಬಾಕ್ಸ್ ಎರಡಿಲ್ಲ, ಒಂದೂ ಇಲ್ಲ. ಬೆಕ್ಕಿನ ಸಂಖ್ಯೆಗಿಂತ ಒಂದು ಜಾಸ್ತಿ ಬಾಕ್ಸ್ ಅಂತಾರಲ್ಲ, ಅದ್ರಲ್ಲಿ ಸಂಖ್ಯೆಗಿಂತ ಜಾಗ ಮುಖ್ಯ, ಮೂರನ್ನೂ ಒಂದೇ ಮೂಲೇಲಿ ಇಟ್ರೆ ಅದು ಒಂದೇ ಬಾಕ್ಸ್. ಊಟದ ಬಟ್ಟಲು, ನೀರಿಗೂ ಇದೇ ಮಾತು.

ಫಿನಾಯಿಲ್ ಇವತ್ತೇ ನಿಲ್ಸಿ. ಫೀನಾಲ್ ಜಾತಿ ಕೆಮಿಕಲ್‌ನ ಬೆಕ್ಕಿನ ಲಿವರ್ ಸರಿಯಾಗಿ ಹೊರಹಾಕಲ್ಲ, ಕಾಲಿಗೆ ಅಂಟಿದ್ದನ್ನ ನೆಕ್ಕಿ ಒಳಗೆ ಹೋಗುತ್ತೆ. ಅಮೋನಿಯಾ ಇರೋ ಕ್ಲೀನರ್ ಅಂತೂ ಉಚ್ಚೆ ವಾಸನೆನೇ ಹೊಡೆಯುತ್ತೆ, ಅಲ್ಲೇ ಮತ್ತೆ ಹೊಯ್ಯಿ ಅಂದಂಗೆ. ಎನ್‌ಜೈಮ್ ಕ್ಲೀನರ್ (ಉಚ್ಚೆ ವಾಸನೆನ ಬುಡದಿಂದ ಒಡೆಯೋ ದ್ರಾವಣ) ತಗೊಳ್ಳಿ, ಹಾಕಿ ತಕ್ಷಣ ಒರೆಸ್ಬೇಡಿ, ಚೆನ್ನಾಗಿ ನೆನೀಲಿ.

ಈಗ ಮುಖ್ಯ ಕೆಲ್ಸ, ಇಬ್ರನ್ನೂ ಬೇರೆ ಮಾಡಿ. ಪುಟ್ಟಿಗೆ ಬಾಗಿಲು ಹಾಕೋಕೆ ಬರೋ ಒಂದು ರೂಮು, ಅವಳ ಬಾಕ್ಸ್, ನೀರು, ಬಚ್ಚಿಟ್ಕೊಳ್ಳೋಕೆ ಒಂದು ರಟ್ಟಿನ ಡಬ್ಬ, ಹತ್ತೋಕೆ ಎತ್ತರದ ಜಾಗ. ಇದು ಶಿಕ್ಷೆ ಅಂತ ನಿಮ್ಗೆ ಅನ್ಸುತ್ತೆ, ಅವಳಿಗೆ ರಜೆ. ಶೆಲ್ಟರ್‌ನಲ್ಲಿ ಸುಮ್ನಿದ್ರು ಅಂದ್ರೆ ಹೊಂದ್ಕೊಂಡಿದ್ರು ಅಂತ ಅರ್ಥ ಅಲ್ಲ, ಭಯಕ್ಕೆ ಮರಗಟ್ಟಿ ಕೂತ ಬೆಕ್ಕೂ ಸುಮ್ನೇ ಇರುತ್ತೆ. ಮೊದ್ಲು ವಾಸನೆ ಪರಿಚಯ ಆಗ್ಲಿ, ಯಾಕಂದ್ರೆ ಬೆಕ್ಕಿಗೆ ನಮ್ಮೋರು ಯಾರು ಅಂತ ಗೊತ್ತಾಗೋದು ಮೂಗಿಂದ. ಒಂದು ಬಟ್ಟೇಲಿ ಕರಿಯನ ಕೆನ್ನೆ ಉಜ್ಜಿ ಪುಟ್ಟಿ ರೂಮಲ್ಲಿಡಿ, ಅವಳದ್ದು ಇವನಿಗೆ. ಮೂಸಿ ಉಸ್ ಅಂದ್ರೆ ದೂರ ಇಡಿ, ಮೂಸಿ ತನ್ ಪಾಡಿಗೆ ಹೋದ್ರೆ ಒಳ್ಳೇದು. ದಿನದಲ್ಲಿ ಒಂದ್ ಹೊತ್ತು ಜಾಗ ಅದಲು ಬದಲು ಮಾಡಿ. ಊಟ ಮುಚ್ಚಿದ ಬಾಗಿಲ ಆಚೆ ಈಚೆ, ದೂರದಿಂದ ಶುರು ಮಾಡಿ ಮೆಲ್ಲಗೆ ಹತ್ರ ತನ್ನಿ. ಇಬ್ರೂ ಬಾಗಿಲ ಬುಡದಲ್ಲಿ ನಿರಾಳವಾಗಿ ತಿಂತಾರೆ ಅಂದ್ಮೇಲೆ ಮುಂದಿನದು ನೆಟ್ ಡೋರ್. ಪುಟ್ಟಿ ಏನೂ ತಿಂತಿಲ್ಲ ಅಂದ್ರೆ ಮಾತ್ರ ಕಾಯ್ಬೇಡಿ, ಎರಡು ಮೂರು ದಿನ ಉಪವಾಸ ಬಿದ್ರೆ ಬೆಕ್ಕಿನ ಲಿವರ್‌ಗೆ ಕೊಬ್ಬು ಸೇರ್ಕೊಳ್ಳುತ್ತೆ.

ರಾತ್ರಿಪಾಳಿ:
ಒಂದ್ ವಿಷ್ಯ ಸೇರಿಸ್ತೀನಿ, ನಿಜವಾಗ್ಲೂ ಕಚ್ಚಾಟ ಶುರುವಾದ್ರೆ ಮಧ್ಯ ಕೈ ಹಾಕ್ಬೇಡಿ, ದಿಂಬೋ ದೊಡ್ಡ ರಟ್ಟೋ ಅಡ್ಡ ಇಡಿ. ಆ ಸಿಟ್ಟಲ್ಲಿ ಅವು ಯಾರ್ನ ಬೇಕಾದ್ರೂ ಕಚ್ತವೆ, ಬೆಕ್ಕಿನ ಹಲ್ಲಿನ ಗಾಯ ಮೇಲೆ ಚುಕ್ಕೆ ತರ ಕಂಡ್ರೂ ಒಳಗೆ ಕೀವಾಗುತ್ತೆ, ಕಚ್ಚಿಸ್ಕೊಂಡ್ರೆ ಡಾಕ್ಟ್ರಿಗೆ ತೋರಿಸ್ಲೇಬೇಕು. ಫೆಲಿವೇ ತರದ ಫೆರೊಮೋನ್ ಡಿಫ್ಯೂಸರ್ (ಬೆಕ್ಕನ್ನ ಸಮಾಧಾನ ಮಾಡೋ ವಾಸನೆ ಬಿಡೋ ಪ್ಲಗ್) ಹಾಕ್ಲಾ ಅಂತ ಕೇಳೇ ಕೇಳ್ತೀರಿ, ಹಾಕಿ, ಆದ್ರೆ ಅದು ಪಕ್ಕವಾದ್ಯ ಅಷ್ಟೇ, ಹಾಡೋರು ನೀವೇ.

ಪುಟ್ಟಿಕರಿಯ:
ಅಪ್ಡೇಟ್. ರೂಮ್ ಬೇರೆ ಮಾಡಿದ್ಮೇಲೆ ಹಾಸಿಗೆ ಕಾಟ ನಿಂತೋಯ್ತು, ಪುಟ್ಟಿ ರಾತ್ರಿ ಚೆಂಡು ಆಡೋ ಸದ್ದು ಕೇಳ್ಸುತ್ತೆ, ಅವಳು ಆಡ್ತಾಳೆ ಅಂತಾನೇ ನಮ್ಗೆ ಗೊತ್ತಿರ್ಲಿಲ್ಲ. ಬಾಗಿಲ ಆಚೆ ಈಚೆ ಊಟ ಸಲೀಸು. ಆದ್ರೆ ನೆಟ್ ಡೋರ್ ಹಾಕಿದ ತಕ್ಷಣ ಕರಿಯ ಊಟ ಬಿಟ್ಟು ಅದೇ ದಿಟ್ಟಿ ಶುರು ಮಾಡ್ತಾನೆ, ಬೈದ್ರೆ ಕೇಳಲ್ಲ.

ಅಟ್ಟದಬೆಕ್ಕು:
ಬೈಬೇಡಿ, ಪುಟ್ಟಿ ಕಂಡ್ರೆ ಬೈಗುಳ ಬೀಳುತ್ತೆ ಅಂತ ಕಲೀತಾನೆ. ನೆಟ್‌ಗೆ ಒಂದು ಬೆಡ್‌ಶೀಟ್ ಇಳಿಬಿಟ್ಟು ಕೆಳಗೆ ಒಂದ್ ಗೇಣು ಮಾತ್ರ ಬಿಡಿ, ಪಂಜ ಕಾಣ್ಲಿ, ಮುಖ ಬೇಡ. ಬಟ್ಟಲು ನೆಟ್‌ನಿಂದ ದೂರ ತಗೊಳ್ಳಿ. ದಿಟ್ಟಿ ಬಿದ್ದ ಕೂಡ್ಲೇ ದಾರ ಕಟ್ಟಿದ ಆಟಿಕೆನ ಅವನ ಕಣ್ಣಿನ ಮುಂದೆ ಪಕ್ಕಕ್ಕೆ ಎಳೀರಿ, ತಲೆ ತಿರುಗಿಸಿದ ತಕ್ಷಣ ತಿಂಡಿ. ಊಟಕ್ಕೆ ಮುಂಚೆ ಅವನು ಸುಸ್ತಾಗೋ ತನಕ ಆಡ್ಸಿ, ಮೂರು ವರ್ಷದ ಗಂಡಿಗೆ ಬೇಟೆ ಇಲ್ದೆ ಬೋರ್ ಆದ್ರೆ ಪುಟ್ಟಿನೇ ಬೇಟೆ.

ವಾಪಸ್ ಕೊಡೋ ಮಾತು ಈಗ್ಲೇ ಬೇಡ. ಒಂದನ್ನೊಂದು ನೆಕ್ಕಿ ಮಲಗೋ ಜೋಡಿ ಆಗ್ದೇ ಇರ್ಬೋದು, ಎಷ್ಟೋ ಜೋಡಿ ಆಗಲ್ಲ, ಒಂದೇ ಹಾಲ್‌ನಲ್ಲಿ ಅವನು ಸೋಫಾ ಮೇಲೆ ಇವಳು ಬೀರು ಮೇಲೆ ಕಣ್ ಮುಚ್ಚಿ ಮಲಗಿದ್ರೆ ಸಾಕು. ನೆಟ್ ಮುಂದೆ ಇಬ್ರೂ ಬೆನ್ನು ತಿರುಗಿಸಿ ಮೈ ನೆಕ್ಕೊಳ್ಳೋ ತನಕ ಬಾಗಿಲು ತೆಗೀಬೇಡಿ, ತೆಗೆದ್ಮೇಲೂ ಮೊದ್ಲು ಸ್ವಲ್ಪ ಹೊತ್ತು, ನೀವು ಎದುರಿಗಿದ್ದಾಗ ಮಾತ್ರ. ಪುಟ್ಟಿ ರೂಮಲ್ಲಿರೋ ಬಾಕ್ಸ್ ಅಲ್ಲೇ ಇರ್ಲಿ, ಎಲ್ಲಾ ಸರಿ ಹೋಯ್ತು ಅಂತ ಎತ್ತಿಡ್ಬೇಡಿ. ಆ ಡೋರ್‌ಮ್ಯಾಟ್ ಮಾತ್ರ ಪ್ಯಾಸೇಜ್‌ನಿಂದ ತೆಗೀರಿ.