ಪದಚರ್ಚೆ: ಊಟದ ಪಟ್ಟಿಗೆ ಶ್ರಿಂಪ್, ಡ್ರೈ ವೈನ್, ಪೇರಿಂಗ್

ಮಾನ್ಯರೇ,

ಮಡಿಕೇರಿಯ ಹೋಂಸ್ಟೇಯ ಊಟದ ಪಟ್ಟಿ ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕಾಗಿರುವುದರಿಂದ ‘ಗಾರ್ಲಿಕ್ ಬಟರ್ ಶ್ರಿಂಪ್, ಪೇರ್ಡ್ ವಿತ್ ಡ್ರೈ ವೈಟ್ ವೈನ್’ ಎಂಬ ಸಾಲಿಗೆ ತುರ್ತಾಗಿ ಕನ್ನಡ ಕೇಳಿದ್ದೀರಿ. ಇಲ್ಲಿ ಬಂದ ಮೊದಲ ಉತ್ತರ, ‘ಕೆಮ್ಮೀನು, ಜೊತೆಗೆ ಒಣ ದ್ರಾಕ್ಷಾರಸ’ ಎಂಬುದು. ದಯವಿಟ್ಟು ಅದನ್ನು ಅಚ್ಚು ಮಾಡಿಸಬೇಡಿ.

ಮಲಯಾಳದಲ್ಲಿ ಶ್ರಿಂಪಿಗೆ ಹೇಳುವ ‘ಚೆಮ್ಮೀನ್’ ಪದದ ಮೊದಲಿನ ಚಕಾರಕ್ಕೆ ಕನ್ನಡದಲ್ಲಿ ಕಕಾರ ನಿಲ್ಲುತ್ತದೆ, ತಮಿಳಿನ ‘ಚೆವಿ’ ನಮ್ಮ ‘ಕಿವಿ’ಯಾದಂತೆ, ಎಂಬ ವಾದದಲ್ಲಿ ದೋಷವಿಲ್ಲ. ಆದರೆ ಧ್ವನಿನಿಯಮಕ್ಕೆ ಹೊಂದಿದ ಮಾತ್ರಕ್ಕೆ ಪದವೊಂದು ಜನರ ಬಾಯಲ್ಲಿ ಹುಟ್ಟುವುದಿಲ್ಲ. ಕೆಮ್ಮೀನು ಎಂದು ಓದಿದ ಅತಿಥಿ ಕೆಂಪು ಮೀನನ್ನು ನಿರೀಕ್ಷಿಸುತ್ತಾನೆ. ಕನ್ನಡಕ್ಕೆ ‘ಸಿಗಡಿ’ ಇದ್ದೇ ಇದೆ. ‘ಸೀಗಡಿ’ ಎಂದೂ ಬರೆಯುತ್ತಾರೆ. ಕುಂದಾಪುರದವರಿಗೆ ಅದು ಚಟ್ಲಿ, ತುಳುವರಿಗೆ ಎಟ್ಟಿ, ಕೊಂಕಣಿಗರಿಗೆ ಸುಂಗಟ. ಕಡಲಿಲ್ಲದ ಕೊಡಗಿಗೆ ಈ ಸರಕು ಘಟ್ಟ ಹತ್ತಿಯೇ ಬರಬೇಕಾದುದರಿಂದ ಎಲ್ಲ ಕಡೆಯವರಿಗೂ ತಿಳಿಯುವ ಸಿಗಡಿಯೇ ಇಲ್ಲಿಗೆ ಸರಿ. ಶ್ರಿಂಪ್ ಬೇರೆ, ಪ್ರಾನ್ ಬೇರೆ ಎಂಬ ಆಕ್ಷೇಪ ಪ್ರಾಣಿಶಾಸ್ತ್ರದಲ್ಲಿ ಸಲ್ಲಬಹುದು, ಊಟದ ಪಟ್ಟಿಯಲ್ಲಿ ಸಲ್ಲದು.

‘ಒಣ ದ್ರಾಕ್ಷಾರಸ’ ಇನ್ನೂ ಅಪಾಯಕಾರಿ, ಏಕೆಂದರೆ ಅದನ್ನು ಯಾರಾದರೂ ಒಣದ್ರಾಕ್ಷಿಯ ರಸವೆಂದೇ ಓದುತ್ತಾರೆ. ವೈನಿನ ವಿಷಯದಲ್ಲಿ ‘ಡ್ರೈ’ ಎಂದರೆ ಹಣ್ಣಿನ ಸಕ್ಕರೆಯನ್ನು ಯೀಸ್ಟ್ ಬಹುಮಟ್ಟಿಗೆ ಮದ್ಯಸಾರವಾಗಿಸಿ ಸಿಹಿ ಉಳಿಯದಿರುವುದು. ಆದ್ದರಿಂದ ‘ಸಿಹಿಯಿಲ್ಲದ’ ಎಂದರೆ ಅರ್ಥ ಪೂರ್ತಿ ಬಂತು. ದ್ರಾಕ್ಷಾರಸ ಕನ್ನಡ ಬೈಬಲಿನಲ್ಲಿ ನೆಲೆಯೂರಿರುವ ಪದ, ಅಲ್ಲಿ ಅದಕ್ಕೆ ಗೌರವವಿದೆ. ಇಂದಿನ ಅಂಗಡಿಯಲ್ಲಿ ಅದು ಮಕ್ಕಳೂ ಕುಡಿಯುವ ಜ್ಯೂಸು. ಇಂಗ್ಲಿಷ್ ಬೇಡವೆನ್ನುವ ಮಹನೀಯರು ‘ವೈನ್’ ಪದದ ಬದಲಿಗೆ ಮುಂದಿಟ್ಟಿರುವ ‘ದ್ರಾಕ್ಷಾ’ ಮತ್ತು ‘ರಸ’ ಎರಡೂ ಸಂಸ್ಕೃತದ ಸಾಲ ಎಂಬುದನ್ನು ಗಮನಿಸಬೇಕು. ‘ಮೇಜು’, ‘ಕಾಫಿ’ ಎಂಬ ಹೊರಗಿನ ಪದಗಳನ್ನು ಇಟ್ಟುಕೊಂಡು ‘ವೈನ್’ ಪದಕ್ಕೆ ಮಾತ್ರ ಬಾಗಿಲು ಹಾಕುವುದು ಭಾಷಾನಿಷ್ಠೆಯಲ್ಲ. ಮಡಿಕೇರಿಯ ಅಂಗಡಿಗಳಲ್ಲಿ ಮನೆಯಲ್ಲೇ ಮಾಡಿದ ವೈನ್ ಮಾರುವವರೂ ಕೊಳ್ಳುವವರೂ ‘ವೈನ್’ ಎಂದೇ ಹೇಳುತ್ತಾರೆ.

ಇನ್ನು ಪೇರಿಂಗ್, ಎಂದರೆ ತಿನಿಸಿಗೆ ಹೊಂದುವ ಪಾನೀಯವನ್ನು ಜೊತೆಗಿಡುವುದು. ‘ಜೋಡಣೆ’ ಯಂತ್ರದ ಭಾಗಗಳಿಗಾಯಿತು. ‘ನಂಜಿಕೊಳ್ಳುವುದು’ ನನಗೂ ಬಹಳ ಪ್ರಿಯವಾದ ಮಾತು, ಆದರೆ ಅದು ಉಪ್ಪಿನಕಾಯಿಗೆ, ಪಲ್ಯಕ್ಕೆ ಸಲ್ಲುತ್ತದೆ, ಕುಡಿಯುವ ಪದಾರ್ಥಕ್ಕಲ್ಲ. ಅಡುಗೆಯಲ್ಲಿ ನಡೆಯುವುದೇನೆಂದು ನೋಡಿದರೆ ಪದ ತಾನಾಗಿ ಸಿಗುತ್ತದೆ: ಸಿಗಡಿ ಬಿಸಿ ಬಾಣಲೆಯಲ್ಲಿ ಎರಡು ಮೂರು ನಿಮಿಷಕ್ಕೆ ಕೆಂಪೇರಿ ಬಾಗಿ ಬೆಂದುಬಿಡುತ್ತದೆ, ಅದರದು ಎಳೆಯ ಸಿಹಿರುಚಿ, ಸೋವಿನ್ಯೋಂ ಬ್ಲಾಂ ಅಥವಾ ಶೆನಿನ್ ಬ್ಲಾಂನಂಥ ಬಿಳಿ ವೈನಿನ ಹುಳಿ ಬೆಣ್ಣೆಯ ಜಿಡ್ಡನ್ನು ಕಳೆದು ಆ ರುಚಿಯನ್ನು ಮುಂದೆ ತರುತ್ತದೆ, ಒಗರು ಹೆಚ್ಚಿರುವ ಕೆಂಪು ವೈನ್ ಅದನ್ನು ಮುಚ್ಚಿ ಎಷ್ಟೋ ಸಲ ಲೋಹದಂಥ ಕಹಿಯನ್ನು ಬಾಯಲ್ಲಿ ಉಳಿಸುತ್ತದೆ. ಒಂದು ಒಪ್ಪುತ್ತದೆ, ಇನ್ನೊಂದು ಒಪ್ಪುವುದಿಲ್ಲ. ‘ಒಪ್ಪುವ’ ಎನ್ನುವುದಕ್ಕಿಂತ ಹೆಚ್ಚಿನದೇನೂ ಬೇಡ.

ನಿಂಬೆಯ ಬದಲು ಕೊನೆಯಲ್ಲಿ ಕೆಲವು ಹನಿ ಕಾಚಂಪುಳಿ (ಹಣ್ಣಿನಿಂದ ಮಾಡುವ ಕೊಡಗಿನ ಕಪ್ಪು ಹುಳಿ) ಹಾಕುವುದಾಗಿ ಬರೆದಿದ್ದೀರಿ. ಅದನ್ನು ‘ಹಣ್ಣಿನ ವಿನೆಗರ್’ ಎಂದು ಬದಲಿಸಲು ಇಲ್ಲಿ ಸಲಹೆ ಬಂದಿರುವುದು ನನಗೆ ನಿಜವಾಗಿಯೂ ನೋವು ತಂದಿದೆ. ಹೊರಗಿನವರು ನಮ್ಮ ಕಾಚಂಪುಳಿಯನ್ನು ಅದೇ ಹೆಸರಿನಿಂದ ಕರೆಯಬೇಕೆಂದು ಬಯಸುವ ನಾವು ಅವರ ವೈನನ್ನು ವೈನ್ ಎನ್ನಲು ಹಿಂಜರಿಯಬಾರದು.

ಅಚ್ಚಿಗೆ ಈ ಸಾಲನ್ನು ಕೊಡಿ: ‘ಬೆಳ್ಳುಳ್ಳಿ, ಬೆಣ್ಣೆಯಲ್ಲಿ ಹುರಿದು ಕಾಚಂಪುಳಿ ಹನಿಸಿದ ಸಿಗಡಿ, ಜೊತೆಗೆ ಒಪ್ಪುವ, ಸಿಹಿಯಿಲ್ಲದ ಬಿಳಿ ವೈನ್.’