ಸೊವಾವೆ ವೈನ್ ಜೊತೆ ಏನು ಅಡುಗೆ ಮಾಡಿದಿರಿ? ಅನುಭವ ಹೇಳಿ

ವೆರೋನಾ ಹೊಸಬಳು:
ವೆರೋನಾಗೆ ಬಂದು ನಾಲ್ಕು ತಿಂಗಳು. ಮನೆ ಓನರಮ್ಮ ಒಂದು ಬಾಟಲಿ ಸೊವಾವೆ ಕ್ಲಾಸಿಕೊ ಕೊಟ್ಟಿದ್ದಾರೆ, ಇಲ್ಲಿಯದೇ ಬಿಳಿ ವೈನ್. ಶನಿವಾರ ಅವರನ್ನೇ ಊಟಕ್ಕೆ ಕರೆದಿದ್ದೇನೆ, ಅದೇ ಬಾಟಲಿ ತೆಗೆಯಬೇಕು. ಮೀನು ತಿನ್ನುತ್ತಾರೆ, ಖಾರ ಆಗುವುದಿಲ್ಲ. ನಾನಂತೂ ಇದುವರೆಗೆ ವೈನ್ ಮುಟ್ಟಿದವಳಲ್ಲ. ಏನು ಮಾಡಲಿ? ಬಾಟಲಿ ಎಷ್ಟು ತಂಪಿರಬೇಕು?

ಕುಡ್ಲದ ಮೀನು, ಮಿಲಾನೊ:
ಅಕ್ಕಾ, ನನ್ನ ಕಥೆ ಕೇಳಿ. ಹೋದ ವರ್ಷ ಆಫೀಸಿನ ಇಬ್ಬರನ್ನು ಕರೆದಿದ್ದೆ. ಒರಾತಾ ಮೀನು ಎರಡು, 31 ಯೂರೋ. ಸೊವಾವೆ 17. ಊರಿಂದ ತಂದ ಬ್ಯಾಡಗಿ ಮೆಣಸಿನ ಕೊನೆಯ ಹಿಡಿ. ಅಮ್ಮ ಮಾಡುವ ಹಾಗೇ ಹುಣಸೆ ಹಾಕಿ ಗಸಿ ಮಾಡಿದೆ. ಗಸಿ ಲಾಯ್ಕಾಗಿತ್ತು ಮಾರಾಯ್ರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ತುತ್ತು ತಿಂದು ವೈನ್ ಕುಡಿದರೆ, ಬರೀ ನೀರು! ಹುಣಸೆಯ ಹುಳಿ ಮುಂದೆ ವೈನಿನ ಹುಳಿ ಸತ್ತೇ ಹೋಗಿತ್ತು. ಖಾರ ಬೇರೆ ವೈನ್ ಸೇರಿ ಇನ್ನೂ ಜಾಸ್ತಿ ಉರಿಯಿತು. ಒಬ್ಬ ಪಾಪ ಬ್ರೆಡ್ಡಿನ ಒಳಗಿನ ಮೆತ್ತನೆಯದನ್ನು ಕಿತ್ತು ಕಿತ್ತು ತಿಂದ. ಅರ್ಧ ಬಾಟಲಿ ಸಿಂಕಿಗೆ ಹೋಯಿತು. ಒಟ್ಟು 48 ಯೂರೋ, ಬ್ಯಾಡಗಿ ಲೆಕ್ಕ ಬೇರೆ.

ಹಸಿರು ಎಲೆ, ಜೆನೋವಾ:
ತಪ್ಪು ಗಸಿಯದಲ್ಲ, ವೈನಿನದು. ಸೊವಾವೆ ಅಂದರೇ ನೀರು. ಹನ್ನೊಂದು ವರ್ಷದಿಂದ ನಮ್ಮ ಮನೆಗೆ ನಮ್ಮ ಲಿಗುರಿಯಾ ಸೀಮೆಯ ಬಿಳಿ ವೈನ್ ವೆರ್ಮೆಂತಿನೊ ಬಿಟ್ಟು ಬೇರೆ ಬಂದಿಲ್ಲ. ಪೆಸ್ತೊ, ಅಂದರೆ ಇಲ್ಲಿಯ ಬೇಸಿಲ್ ಸೊಪ್ಪಿನ ಚಟ್ನಿ, ನಾನೇ ಒರಳಿನಲ್ಲಿ ಅರೆಯುತ್ತೇನೆ, ಮಿಕ್ಸಿಗೆ ಹಾಕುವವಳಲ್ಲ. ಅದಕ್ಕೆ ಹಾಕುವ ಪೈನ್ ಬೀಜದ ರೇಟು ಕೇಳಿದರೆ ಗೋಡಂಬಿ ಪುಕ್ಕಟೆ ಅನಿಸುತ್ತದೆ. ಆದರೂ ಆ ವೈನಿನ ಉಪ್ಪುಪ್ಪು ರುಚಿ ಪೆಸ್ತೊ ಜೊತೆ ಕೂಡುವುದನ್ನು ನೋಡಬೇಕು ನೀವು. ಊರಿಂದ ಬಂದಿದ್ದ ಅತ್ತೆ ಕೂಡ ಎರಡನೇ ಸಲ ಬಡಿಸಿಕೊಂಡರು. ವೈನಲ್ಲ, ಪೆಸ್ತೊ.

ಗುಡ್ಡದ ಮೇಲಿನವನು:
ಸೊವಾವೆ ನೀರಂತೆ! ಬಯಲಿನ ಅಗ್ಗದ ಬಾಟಲಿ ಕುಡಿದು ಮಾತಾಡುತ್ತಿದ್ದೀರಿ ಮೇಡಂ. ಬಯಲಲ್ಲಿ ಬಳ್ಳಿಗೆ ಇಳುವರಿ ಜಾಸ್ತಿ, ರಸ ತೆಳು. ಕ್ಲಾಸಿಕೊ ಅಂತ ಇದ್ದರೆ ಅದು ಸೊವಾವೆ, ಮೊಂತೆಫೋರ್ತೆ ಊರುಗಳ ಹಳೇ ಗುಡ್ಡಗಳದ್ದು. ಅಲ್ಲಿ ಹೆಚ್ಚಾಗಿ ಜ್ವಾಲಾಮುಖಿಯ ಕಪ್ಪು ಕಲ್ಲಿನ ಮಣ್ಣು. 100ಕ್ಕೆ 70 ಭಾಗವಾದರೂ ಗರ್ಗಾನೆಗ ದ್ರಾಕ್ಷಿ ಇರಲೇಬೇಕು. ಎರಡು ಸೆಪ್ಟೆಂಬರ್ ಅಲ್ಲಿ ಕೊಯ್ಲಿಗೆ ಹೋಗಿದ್ದೇನೆ, ಬೇಕಿದ್ದರೆ ನನ್ನ ಸೊಂಟವನ್ನು ಕೇಳಿ. ಬಾಯಿಗೆ ಹಾಕಿದ ತಕ್ಷಣ ನುಂಗಬಾರದು. ಮೊದಲು ಹುಳಿ, ಆಮೇಲೆ ಮರಸೇಬು, ನುಂಗಿದ ಮೇಲೆ ನಾಲಿಗೆಯ ಹಿಂದೆ ಬಾದಾಮಿ ಸಿಪ್ಪೆಯ ಸಣ್ಣ ಕಹಿ. ಅದನ್ನು ಕಾಯಬೇಕು.

ದುಡ್ಡು ಕಳೆದುಕೊಂಡವರು ನೀವೊಬ್ಬರೇ ಅಲ್ಲ ಕುಡ್ಲದವರೇ. ಒಂದು ಹೋಟೆಲಿನಲ್ಲಿ ತಂದಿಟ್ಟ ಬಾಟಲಿ ಮಳೆಯಲ್ಲಿ ನೆಂದ ರಟ್ಟಿನ ಡಬ್ಬದ ವಾಸನೆ ಹೊಡೆಯುತ್ತಿತ್ತು. ಕಾರ್ಕಿನಿಂದ ಬರುವ ದೋಷ ಅದು. ಬದಲಾಯಿಸಿ ಅಂದೆ. ವೇಟರ್ ಮೂಸಿಯೂ ನೋಡಲಿಲ್ಲ. ಬಾಟಲಿಗೆ 26, ಮೇಲೆ ತಲೆಗೆ 3 ಯೂರೋ ಕೊಪೆರ್ತೊ. ಕೂತಿದ್ದಕ್ಕೆ ಸ್ವಾಮಿ, ಸುಮ್ನೆ ಕೂತಿದ್ದಕ್ಕೆ!

ಬರೀ ಸೊಪ್ಪು, ಪಾದೊವಾ:
ಎಲ್ಲರದ್ದೂ ಮೀನೇ ಆಯಿತು. ನಾನು ಕಾರ್ಚೋಫಿ ಅನ್ನುವ ಹೂಮೊಗ್ಗಿನ (ಆರ್ಟಿಚೋಕ್) ಪಲ್ಯ ಮಾಡಿ ಕೆಟ್ಟೆ. ಎಂಟು ಮೊಗ್ಗಿಗೆ 10 ಯೂರೋ, ಮುಕ್ಕಾಲು ಪಾಲು ಕಸ. ಹೆಚ್ಚಿ ಹೆಚ್ಚಿ ಬೆರಳೆಲ್ಲ ಕಪ್ಪು. ಪಲ್ಯ ತಿಂದು ಸೊವಾವೆ ಕುಡಿದರೆ ಸಕ್ಕರೆ ನೀರು! ಆ ಮೊಗ್ಗು ತಿಂದ ಮೇಲೆ ಏನು ಕುಡಿದರೂ ಸಿಹಿಯಂತೆ, ಆಮೇಲೆ ತಿಳಿಯಿತು. ಮುಂದಿನ ಸಲ ರಿಸಿ ಎ ಬಿಸಿ ಮಾಡಿದೆ. ಬಿಸಿಬೇಳೆಬಾತಿನ ಬಿಸಿ ಅಲ್ಲ, ಇಲ್ಲಿಯವರಿಗೆ ಬಿಸಿ ಅಂದರೆ ಬಟಾಣಿ. ಅನ್ನ, ಬಟಾಣಿ, ಬೆಣ್ಣೆ, ಚೀಸ್. ಇಲ್ಲಿಯವರು ಅದಕ್ಕೆ ಹಾಕುವ ಹಂದಿ ಮಾಂಸ ಬಿಟ್ಟೆ. ವೈನ್ ಜೊತೆ ಹಾಲು ಜೇನಿನಂತೆ ಹೊಂದಿಕೊಂಡಿತು.

ಕುಡ್ಲದ ಮೀನು:
ಸಸ್ಯಾಹಾರಿ ಅಂತೀರಿ, ವೈನ್ ಕುಡೀತೀರಿ. ಅದನ್ನು ತಿಳಿ ಮಾಡಲು ಮೀನಿನ ಗಾಳಿಚೀಲದ ಅಂಟು ಹಾಕುವವರೂ ಉಂಟು, ಗೊತ್ತುಂಟಾ?

ಬರೀ ಸೊಪ್ಪು:
ಗೊತ್ತು. ಬೆಂಟೊನೈಟ್ ಜೇಡಿಮಣ್ಣು ಹಾಕಿ ತಿಳಿ ಮಾಡಿದ್ದನ್ನೇ ವಿಚಾರಿಸಿ ತರುತ್ತೇನೆ. ನೀವು ನಿಮ್ಮ ಗಸಿ ನೋಡಿಕೊಳ್ಳಿ.

ಕುಡ್ಲದ ಮೀನು:
ಲೇಬಲ್ ನೋಡಿದರೆ ಸಾಕಲ್ವಾ? ವಿಚಾರಿಸುವುದು ಯಾಕೆ?

ಬರೀ ಸೊಪ್ಪು:
ತಿಳಿ ಮಾಡಲು ಹಾಕಿದ ಹಾಲು, ಮೊಟ್ಟೆ ವೈನಿನಲ್ಲಿ ಉಳಿದಿದ್ದರೆ ಲೇಬಲ್ಲಿನಲ್ಲಿ ಹಾಕಬೇಕು. ಮೀನಿನ ಅಂಟಿಗೆ ಆ ನಿಯಮ ಇಲ್ಲ. ಅದಕ್ಕೇ ಕೇಳುವುದು.

ಹಸಿರು ಎಲೆ:
ನಿಮ್ಮಿಬ್ಬರ ಜಗಳದಲ್ಲಿ ವೆರ್ಮೆಂತಿನೊ ಮರೆತೇ ಬಿಟ್ಟಿರಿ.

ವೆರೋನಾ ಹೊಸಬಳು:
ಎಲ್ಲರಿಗೂ ಥ್ಯಾಂಕ್ಸ್. ಹುಣಸೆ ಬೇಡ ಅನ್ನುವುದಷ್ಟೇ ಗಟ್ಟಿಯಾಯಿತು. ನೀರುದೋಸೆ, ತೆಂಗಿನ ಹಾಲಿನಲ್ಲಿ ಸಪ್ಪೆ ಮೀನು ಮಾಡುತ್ತೇನೆ. ಆದರೆ ಬಾಟಲಿ ಎಷ್ಟು ತಂಪಿರಬೇಕು ಅಂತ ಯಾರೂ ಹೇಳಲೇ ಇಲ್ಲ.

ಗುಡ್ಡದ ಮೇಲಿನವನು:
10ರಿಂದ 12 ಡಿಗ್ರಿ. ಊಟಕ್ಕೆ ಕಾಲು ಗಂಟೆ ಮೊದಲು ಫ್ರಿಜ್ಜಿನಿಂದ ತೆಗೆದಿಡಿ. ತೀರಾ ತಣ್ಣಗಿದ್ದರೆ ಘಮ ಏಳುವುದಿಲ್ಲ.

ಹಸಿರು ಎಲೆ:
ಸೊವಾವೆಗೆ ಘಮ ಬೇರೆ ಕೇಡು!